ಡಬ್ಬಿಯೊಳಗಿನ ಗಾಳಿ ತಿರುಗಿಸಿದ ಚಕ್ರ

ವಿದ್ಯುತ್ ಬಾರದ ಊರುಗಳಲ್ಲಿ ಒಂದು ಕಾಲಕ್ಕೆ ಸೀಮೆಎಣ್ಣೆ ದೀಪದ ಶಾಖದಿಂದಲೇ ತಿರುಗುವ ಫ್ಯಾನುಗಳಿದ್ದವೆಂದು ಕೇಳಿದ್ದೆ. ಅದರ ಎಂಜಿನ್ನಿಗೆ ಬಾಯ್ಲರ್ ಇಲ್ಲ, ಕವಾಟವಿಲ್ಲ, ಒಳಗೆ ಸ್ಫೋಟವೂ ಇಲ್ಲ. ಮುಚ್ಚಿದ ಡಬ್ಬಿಯಲ್ಲಿ ಅದೇ ಗಾಳಿ ಮತ್ತೆ ಮತ್ತೆ ಕಾಯುತ್ತದೆ, ತಣಿಯುತ್ತದೆ, ಅಷ್ಟೇ. ಸ್ಕಾಟ್ಲೆಂಡಿನ ಪಾದ್ರಿ ರಾಬರ್ಟ್ ಸ್ಟರ್ಲಿಂಗ್ 1816ರಲ್ಲಿ ಪೇಟೆಂಟ್ ಪಡೆದ ಈ ಬಿಸಿಗಾಳಿ ಎಂಜಿನ್ 1818ರಲ್ಲಿ ಒಂದು ಕಲ್ಲುಗಣಿಯಿಂದ ನೀರೆತ್ತಿತ್ತು. ಅದರ ಪುಟ್ಟ ಮಾದರಿಯನ್ನು ಮನೆಯಲ್ಲೇ ಮಾಡಲು ಒಂದು ಭಾನುವಾರ ಸಾಕೆಂದು ಹೊರಟ ನನಗೆ ಸುಮಾರು ಮೂರು ತಿಂಗಳು ಹಿಡಿಯಿತು.

ದೊಡ್ಡ ಸಿಲಿಂಡರಿಗೆ 70 ಮಿ.ಮೀ. ಒಳವ್ಯಾಸದ ಉಕ್ಕಿನ ತಗಡಿನ ಡಬ್ಬಿಯನ್ನು ಆರಿಸಿಕೊಂಡೆ. ಅಲ್ಯೂಮಿನಿಯಂ ಡಬ್ಬಿ ಕತ್ತರಿಸಲು ಸುಲಭವಾದರೂ ಅದು ತಳದ ಶಾಖವನ್ನು ಗೋಡೆಯ ಮೂಲಕ ಬೇಗನೆ ಮೇಲಕ್ಕೆ ಒಯ್ಯುತ್ತದೆ, ಮೇಲ್ಭಾಗ ತಂಪಾಗಿ ಉಳಿಯದಿದ್ದರೆ ಎಂಜಿನ್ನಿಗೆ ಜೀವವಿಲ್ಲ. ಒಳಗೆ ಮೇಲೆ ಕೆಳಗೆ ಓಡಾಡುವ ಡಿಸ್‌ಪ್ಲೇಸರನ್ನು ಮಾತ್ರ ತಂಪು ಪಾನೀಯದ ಅಲ್ಯೂಮಿನಿಯಂ ಕ್ಯಾನಿನಿಂದ ಮಾಡಿದೆ. ಅಲ್ಲಿ ಹಗುರವಾಗಿರುವುದೇ ಮುಖ್ಯ. ಕ್ಯಾನಿನ ವ್ಯಾಸ 66 ಮಿ.ಮೀ. ಆದುದರಿಂದ ಸುತ್ತಲೂ 2 ಮಿ.ಮೀ. ಸಂದು ಉಳಿಯಿತು. ಡಿಸ್‌ಪ್ಲೇಸರ್ ಗಾಳಿಯನ್ನು ಒತ್ತುವುದಿಲ್ಲ, ಆ ಸಂದಿನ ಮೂಲಕ ಬಿಸಿ ತಳಕ್ಕೂ ತಂಪು ನೆತ್ತಿಗೂ ಅತ್ತಿತ್ತ ಸರಿಸುತ್ತದೆ. ಆರಂಭದಲ್ಲಿ ಇದನ್ನೂ ಒಂದು ಪಿಸ್ಟನ್ ಎಂದೇ ಭಾವಿಸಿ, ಸಂದು ಮುಚ್ಚಲು ಅದಕ್ಕೆ ಬಟ್ಟೆಪಟ್ಟಿ ಸುತ್ತಿದ್ದೆನೆಂಬುದನ್ನು ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಡಿಸ್‌ಪ್ಲೇಸರಿನ ದಂಡ ಸೈಕಲ್ ಚಕ್ರದ 2 ಮಿ.ಮೀ. ಕಡ್ಡಿ. ಅದು ಡಬ್ಬಿಯ ಮುಚ್ಚಳವನ್ನು ದಾಟುವ ಜಾಗ ಈ ಯಂತ್ರದ ಅತಿ ಕಷ್ಟದ ಜಾಗ. ಬಿಗಿ ಮಾಡಿದರೆ ಕಡ್ಡಿ ಜಾರದು, ಸಡಿಲ ಬಿಟ್ಟರೆ ಗಾಳಿ ಸೋರುತ್ತದೆ. ರಬ್ಬರ್ ವಾಷರ್, ಗ್ರೀಸು, ಎಣ್ಣೆಯಲ್ಲಿ ಅದ್ದಿದ ದಾರ, ಎಲ್ಲವನ್ನೂ ಪ್ರಯತ್ನಿಸಿದೆ. ಪ್ರತಿಯೊಂದೂ ಸೋರಿಕೆಯನ್ನು ತಡೆದು ಚಕ್ರವನ್ನೂ ತಡೆಯಿತು. ಕೊನೆಗೆ ಗುಜರಿ ಅಂಗಡಿಯಲ್ಲಿ ಸಿಕ್ಕ ಹಳೆಯ ಟ್ರಾನ್ಸಿಸ್ಟರ್ ರೇಡಿಯೋದ ಏರಿಯಲ್ ಕೈಹಿಡಿಯಿತು. ಅದರ ತೆಳು ಹಿತ್ತಾಳೆ ಕೊಳವೆಗಳಲ್ಲಿ ಒಂದರೊಳಗೆ ಕಡ್ಡಿ ತನ್ನ ಭಾರಕ್ಕೇ ಜಾರುತ್ತಿತ್ತು. ಅದನ್ನು 40 ಮಿ.ಮೀ. ಉದ್ದಕ್ಕೆ ಕತ್ತರಿಸಿ ಮುಚ್ಚಳಕ್ಕೆ ನೇರವಾಗಿ ಬೆಸೆದಾಗ, ಯಾವ ವಾಷರೂ ಇಲ್ಲದೆ ಸೋರಿಕೆ ಬಹುಪಾಲು ನಿಂತಿತು; ಇಕ್ಕಟ್ಟಾದ ಉದ್ದನೆಯ ದಾರಿಯಲ್ಲಿ ಗಾಳಿ ನುಸುಳುವಷ್ಟರಲ್ಲಿ ಒತ್ತಡ ತಿರುಗಿಬಿಡುತ್ತದೆ. ಮುಂದಿನ ಭಾಗಗಳಲ್ಲೆಲ್ಲ ಬಿಗಿ ಮಾಡಬೇಕೆಂಬ ಹಟವನ್ನು ನಾನು ಬಿಟ್ಟುದಕ್ಕೆ ಈ ಕೊಳವೆಯೇ ಕಾರಣ.

ಕಾದು ಹಿಗ್ಗಿದ ಗಾಳಿಯ ಒತ್ತಡಕ್ಕೆ ಸರಿದು ಚಕ್ರವನ್ನು ತಿರುಗಿಸುವ, ಅಂದರೆ ನಿಜವಾಗಿ ಕೆಲಸ ಮಾಡುವ, ಪಿಸ್ಟನ್ನಿಗೆ 20 ಮಿ.ಲೀ. ಗಾಜಿನ ಸಿರಿಂಜನ್ನು ಬಳಸಿದೆ. ಪ್ಲಾಸ್ಟಿಕ್ ಸಿರಿಂಜಿನ ರಬ್ಬರ್ ತುದಿಯ ಘರ್ಷಣೆಯನ್ನು ಇಷ್ಟು ಸಣ್ಣ ಎಂಜಿನ್ ಗೆಲ್ಲಲಾರದು. ಗಾಜಿನದಾದರೋ ಉಜ್ಜಿ ಹೊಂದಿಸಿದ ಜೋಡಿ, ಒಣಗಿದ್ದಾಗಲೇ ಚೆನ್ನಾಗಿ ಜಾರುತ್ತದೆ. ಜಾಣತನವೆಂದುಕೊಂಡು ಒಂದು ಹನಿ ಎಣ್ಣೆ ಬಿಟ್ಟಾಗ ಎರಡೂ ಅಂಟಿಕೊಂಡಂತಾಗಿ, ಅದನ್ನೆಲ್ಲ ಸ್ಪಿರಿಟ್ಟಿನಿಂದ ತೊಳೆದು ಪೆನ್ಸಿಲ್ ಸೀಸದ ಪುಡಿಯನ್ನು ಲೇಪಿಸಬೇಕಾಯಿತು. ಸೂಜಿ ಸಿಕ್ಕಿಸುವ ಮೂತಿಯ ತೂತು ತೀರ ಕಿರಿದಾದ್ದರಿಂದ ಅದನ್ನು ಕತ್ತರಿಸಿ ತೆಗೆಯುವಾಗ ಮೊದಲ ಸಿರಿಂಜ್ ಸೀಳಿತು. ಉಳಿದ ಒಳದಂಡ ಬೇರೆ ಕೊಳವೆಗೆ ಹೊಂದದ ಕಾರಣ ಇಡೀ ಜೋಡಿಯನ್ನೇ ಮತ್ತೆ ಕೊಂಡೆ.

ಹೋಗಿಬರುವ ಓಡಾಟವನ್ನು ಚಕ್ರದ ಸುತ್ತಾಗಿಸುವ ಡೊಂಕು ದಂಡ, ಅಂದರೆ ಕ್ರ್ಯಾಂಕನ್ನೂ ಸೈಕಲ್ ಕಡ್ಡಿಯಿಂದಲೇ ಬಾಗಿಸಿ, ಕೀಲುಗಳಿಗೆ ವೈರಿಂಗ್ ಕನೆಕ್ಟರಿನೊಳಗಿನ ಹಿತ್ತಾಳೆ ತುಂಡುಗಳನ್ನು ಹಾಕಿದೆ; ತಿರುಪು ಸಡಿಲಿಸಿ ಕೋನವನ್ನು ಬದಲಾಯಿಸಬಹುದೆಂಬುದು ಅದರ ಅನುಕೂಲ. ಮೂರು ಹಳೆಯ ಸಿ.ಡಿ.ಗಳನ್ನು ಅಂಟಿಸಿದ್ದು ಫ್ಲೈವೀಲ್, ಅಂದರೆ ಓಟವನ್ನು ಕಾಯ್ದುಕೊಳ್ಳುವ ಚಕ್ರ, ಆಯಿತು. ಬೇರಿಂಗುಗಳನ್ನು ಹೊಸದಾಗಿ ತಂದು ಹಾಗೆಯೇ ಕೂರಿಸಿದರೆ ಒಳಗಿನ ಗ್ರೀಸೇ ಸಾಕು ಎಂಜಿನ್ನನ್ನು ನಿಲ್ಲಿಸಲು. ಸೀಮೆಎಣ್ಣೆಯಲ್ಲಿ ತೊಳೆದು ಹೊಲಿಗೆ ಯಂತ್ರದ ಎಣ್ಣೆಯ ಒಂದೇ ಹನಿ ಬಿಟ್ಟ ಮೇಲೆ ಚಕ್ರವನ್ನು ಬೆರಳಿನಿಂದ ತಟ್ಟಿದರೆ ಬಹಳ ಹೊತ್ತು ಸುತ್ತತೊಡಗಿತು.

ಮೊದಲ ಸಲ ಡಬ್ಬಿಯ ತಳಕ್ಕೆ ಸ್ಪಿರಿಟ್ ದೀಪ ಹಚ್ಚಿದಾಗ ಡಬ್ಬಿಯ ಒಳಲೇಪ ಸುಟ್ಟ ವಾಸನೆ ಬಂದದ್ದು ಬಿಟ್ಟರೆ ಏನೂ ಆಗಲಿಲ್ಲ. ಡಬ್ಬಿಯನ್ನು ಬಕೆಟ್ ನೀರಿನಲ್ಲಿ ಮುಳುಗಿಸಿ ಸಿರಿಂಜನ್ನು ಮೆಲ್ಲನೆ ಒತ್ತಿದಾಗ ಮುಚ್ಚಳದ ಅಂಚಿನಿಂದ ಗುಳ್ಳೆಗಳೆದ್ದವು. ಮೆಕ್ಯಾನಿಕ್‌ಗಳು ಗ್ಯಾಸ್ಕೆಟ್ಟಿಗೆ ಹಚ್ಚುವ, ಶಾಖ ತಡೆಯುವ ಸಿಲಿಕೋನ್ ಅಂಟಿನಿಂದ ಅದನ್ನು ಮುಚ್ಚಿ ಒಂದು ದಿನ ಒಣಗಲು ಬಿಟ್ಟೆ. ಆಮೇಲೆ ಚಕ್ರ ಅರ್ಧ ಸುತ್ತು ಉತ್ಸಾಹದಿಂದ ಹೋಗಿ, ಅಲ್ಲೇ ತಡೆದು ಹಿಂದಕ್ಕೆ ಬರತೊಡಗಿತು. 300 ಕೆಲ್ವಿನ್‌ನಿಂದ 400 ಕೆಲ್ವಿನ್‌ಗೆ ಕಾದ ಗಾಳಿಯ ಒತ್ತಡ, ಗಾತ್ರ ಬದಲಾಗದಿದ್ದರೆ, ಮೂರನೇ ಒಂದು ಭಾಗದಷ್ಟು ಏರಬೇಕು. ನನ್ನ ಡಬ್ಬಿಯಲ್ಲಿ ಸಂದಿನ ಗಾಳಿ, ನೆತ್ತಿಯ ಗಾಳಿ ಎಲ್ಲವೂ ಕಾಯುವುದಿಲ್ಲವಾದ್ದರಿಂದ ಏರಿಕೆ ಅದಕ್ಕಿಂತ ತೀರ ಕಡಿಮೆ. ಅಷ್ಟು ಅಲ್ಪ ಒತ್ತಡಕ್ಕೆ ಪಿಸ್ಟನ್ ಹೋಗಿಬರಲು ನಾನಿಟ್ಟಿದ್ದ 30 ಮಿ.ಮೀ. ಓಟ ದುರಾಸೆಯಾಗಿತ್ತು. ಕ್ರ್ಯಾಂಕನ್ನು ಹೊಸದಾಗಿ ಬಾಗಿಸಿ ಪಿಸ್ಟನ್ನಿನ ಓಟವನ್ನು 15 ಮಿ.ಮೀ.ಗೆ ಇಳಿಸಿದೆ, ಡಿಸ್‌ಪ್ಲೇಸರಿನದು 20 ಮಿ.ಮೀ. ಆಗಿಯೇ ಉಳಿಯಿತು.

ಆದರೂ ಎರಡು ಸಂಜೆ ವ್ಯರ್ಥವಾದವು, ಕಾರಣ ಮಾತ್ರ ಹಾಸ್ಯಾಸ್ಪದ. ಡಿಸ್‌ಪ್ಲೇಸರ್ ಪಿಸ್ಟನ್ನಿಗಿಂತ ಕಾಲು ಸುತ್ತು, ಅಂದರೆ 90 ಡಿಗ್ರಿ, ಮುಂದಿರಬೇಕು. ಯಾವುದು ಮುಂದು ಎಂಬುದು ಚಕ್ರ ತಿರುಗುವ ದಿಕ್ಕನ್ನು ಅವಲಂಬಿಸಿದೆ. ಬಲಗೈಯಿಂದ ತಟ್ಟುವ ಅಭ್ಯಾಸದಿಂದ ನಾನು ಪ್ರತಿ ಸಲವೂ ಅದನ್ನು ತಪ್ಪು ದಿಕ್ಕಿಗೇ ಸುತ್ತಿಸುತ್ತಿದ್ದೆ. ಎಂಜಿನ್ ನನ್ನನ್ನು ಎದುರಿಸಿ ನಿಲ್ಲುತ್ತಿತ್ತು. ಬೇಸತ್ತು ಒಮ್ಮೆ ಎಡಗೈಯಿಂದ ತಟ್ಟಿದಾಗ ಅದು ನಿಲ್ಲಲಿಲ್ಲ.

ಸಿ.ಡಿ.ಯ ಅಂಚಿಗೆ ಬಳಿದ ಗುರುತನ್ನು ಎಣಿಸಿದರೆ ನಿಮಿಷಕ್ಕೆ ಸುಮಾರು 160 ಸುತ್ತು. ಶಕ್ತಿ, ನನ್ನ ಅಂದಾಜಿನಲ್ಲಿ, ಒಂದು ವಾಟ್‌ನ ನೂರು ಪಾಲಿನಲ್ಲಿ ಎರಡೋ ಮೂರೋ ಪಾಲು. ಡಿಸ್‌ಪ್ಲೇಸರಿನ ಭಾರಕ್ಕೆ ಎದುರಾಗಿ ಚಕ್ರದ ಮೇಲೆ ಒಂದು ರೂಪಾಯಿ ನಾಣ್ಯವನ್ನು ಅಂಟಿಸಿದ ಮೇಲೆ ಕುಲುಕಾಟ ಕಡಿಮೆಯಾಯಿತು. ಹತ್ತು ನಿಮಿಷದ ನಂತರ ನೆತ್ತಿ ಬಿಸಿಯಾಗಿ ವೇಗ ಕುಗ್ಗುತ್ತಿದ್ದುದರಿಂದ ಮುಚ್ಚಳದ ಸುತ್ತ ತಗಡಿನ ಒಡ್ಡು ಕಟ್ಟಿ ತಣ್ಣೀರು ತುಂಬಿಸುತ್ತೇನೆ. ತಳಕ್ಕೆ ಮಾತ್ರ ಉಪಾಯವಿಲ್ಲ, ತೆಳು ತಗಡು ಜ್ವಾಲೆಗೆ ಸವೆಯುತ್ತಲೇ ಇದೆ. ಸ್ಕಾಟ್ಲೆಂಡಿನ ಡಂಡೀ ಊರಿನ ಕಾರ್ಖಾನೆಯಲ್ಲಿ 1843ರಲ್ಲಿ ಹೂಡಿದ ಸ್ಟರ್ಲಿಂಗ್ ಸೋದರರ ದೊಡ್ಡ ಎಂಜಿನ್ನಿಗೂ ಮುಂದೆ ಬಿಸಿ ಸಿಲಿಂಡರುಗಳೇ ಕೈಕೊಟ್ಟಿದ್ದವು ಎಂಬುದು ಸಣ್ಣ ಸಮಾಧಾನ. ನಿನ್ನೆ ಒಂದು ತುಂಬು ದೀಪದ ಸ್ಪಿರಿಟ್ಟಿಗೆ ಅದು 22 ನಿಮಿಷ ಓಡಿತು. ದೀಪ ಆರಿದ ಮೇಲೂ ಡಬ್ಬಿಯ ತಳದಲ್ಲಿ ಉಳಿದ ಶಾಖಕ್ಕೆ ಮುಕ್ಕಾಲು ನಿಮಿಷ ತಿರುಗಿ, ನಾಣ್ಯ ಕೆಳಗೆ ಬಂದಾಗ ನಿಂತಿತು.