ಜಯನಗರದಲ್ಲಿ ಚದರಡಿಗೆ ನಿಜವಾಗಿ ಎಷ್ಟು? ನೀವೇ ಲೆಕ್ಕ ಹಾಕುವುದು ಹೀಗೆ

‘ಜಯನಗರದಲ್ಲಿ ಈಗ ರೇಟು ಹೇಗೆ ನಡೀತಿದೆ?’ ಮನೆ ಮಾರುವವರು, ಕೊಳ್ಳುವವರು, ಅಪ್ಪನ ಮನೆಯನ್ನು ಭಾಗ ಮಾಡಿಕೊಳ್ಳಲು ಕೂತ ಅಣ್ಣತಮ್ಮಂದಿರು, ಎಲ್ಲರೂ ಮೊದಲು ಕೇಳುವುದು ಇದನ್ನೇ. ಉತ್ತರ ಒಬ್ಬೊಬ್ಬರಿಂದ ಒಂದೊಂದು ಸಿಗುತ್ತದೆ. ಅವುಗಳಲ್ಲಿ ಯಾವುದೋ ಒಂದನ್ನು ನಂಬಿ ಮನೆಯನ್ನು ಕಡಿಮೆಗೆ ಬಿಟ್ಟುಕೊಟ್ಟವರನ್ನು ನೋಡಿದ್ದೇನೆ; ಎಲ್ಲೂ ಇಲ್ಲದ ರೇಟಿಗೆ ಕಾದು ವರ್ಷಗಟ್ಟಲೆ ಮನೆಗೆ ಬೀಗ ಹಾಕಿಟ್ಟವರನ್ನೂ ನೋಡಿದ್ದೇನೆ. ಬಹುತೇಕರು ಎಡವುವುದು ಕೆಳಗಿನ ನಾಲ್ಕನೇ ಹಂತದಲ್ಲಿ.

1. ಗೆರೆ ಎಳೆದುಕೊಳ್ಳಿ. 1948ರಲ್ಲಿ ಶುರುವಾದ ಈ ಬಡಾವಣೆ ಒಂದೇ ಮಾರುಕಟ್ಟೆಯಲ್ಲ. ನಾಲ್ಕನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತಲಿನ ಮೇನ್ ರಸ್ತೆಗೂ ಅದರ ಹಿಂದಿನ ಕ್ರಾಸಿಗೂ ಹೋಲಿಕೆಯಿಲ್ಲ. ನಿಮ್ಮ ಮನೆಯಿಂದ ಐದು ನಿಮಿಷದ ನಡಿಗೆಯೊಳಗಿನ, ಅಂಗಡಿಗಳಿಲ್ಲದ ರಸ್ತೆಗಳಷ್ಟೇ ಸಾಕು.

2. ಕೇಳುವ ಬೆಲೆ ಬರೆದಿಡಿ, ಆದರೆ ಬೇರೆ ಪುಟದಲ್ಲಿ. ಒಂದೇ ಮನೆಯನ್ನು ಮೂವರು ಏಜೆಂಟರು ಮೂರು ಬೆಲೆಗೆ ಹಾಕಿರುತ್ತಾರೆ. ಅಂಥ ಜಾಹೀರಾತುಗಳನ್ನೇ ಒಟ್ಟುಗೂಡಿಸಿ ‘ನಿಮ್ಮ ಮನೆಯ ಮೌಲ್ಯ’ ಅಂತ ಪುಕ್ಕಟೆ ಹೇಳುವ ಆ್ಯಪ್‌ಗಳನ್ನು ದೂರವಿಡಿ. ಅವು ಹೇಳುವುದು ಮಾರುವವರ ಆಸೆಯ ಸರಾಸರಿಯನ್ನು.

3. ನಡೆದ ಮಾರಾಟಗಳನ್ನು ಹುಡುಕಿ. ನೋಂದಣಿ ಮತ್ತು ಮುದ್ರಾಂಕ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಋಣಭಾರ ಪ್ರಮಾಣಪತ್ರಕ್ಕೆ, ಅಂದರೆ ಒಂದು ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿಯಾದ ಇ.ಸಿ.ಗೆ ಅರ್ಜಿ ಹಾಕಬಹುದು. ಅದರಲ್ಲಿ ಪ್ರತಿಫಲದ ಮೊತ್ತ (ಪತ್ರದಲ್ಲಿ ಬರೆದ ಬೆಲೆ), ಮಾರುಕಟ್ಟೆ ಮೌಲ್ಯ ಎರಡೂ ಇರುತ್ತವೆ. ‘ಇನ್ನೊಬ್ಬರ ಪತ್ರ ನಾವು ನೋಡಬಹುದೇ?’ ಎಂದು ಹಿಂಜರಿಯುವವರಿದ್ದಾರೆ. 1908ರ ನೋಂದಣಿ ಕಾಯ್ದೆಯ 57ನೇ ಸೆಕ್ಷನ್ ಪ್ರಕಾರ ಸ್ಥಿರಾಸ್ತಿ ಪತ್ರಗಳಿರುವ 1ನೇ ಪುಸ್ತಕವನ್ನು ಶುಲ್ಕ ಕಟ್ಟಿ ಯಾರು ಬೇಕಾದರೂ ನೋಡಬಹುದು. ಕ್ರಯಪತ್ರಗಳನ್ನು ಮಾತ್ರ ತೆಗೆದುಕೊಳ್ಳಿ; ದಾನಪತ್ರ, ವಿಭಾಗಪತ್ರ, ಹಕ್ಕು ಖುಲಾಸೆ ಬೇಡ. ಯಾವ ಮನೆ ಕೈಬದಲಾಯಿತು ಎಂಬ ಸುಳಿವಿಗೆ ಬೀದಿಯ ಇಸ್ತ್ರಿ ಗಾಡಿಯವರನ್ನು, ಹಾಲಿನ ಬೂತಿನವರನ್ನು ಕೇಳಿ.

ಜೊತೆಗೆ ಆ ರಸ್ತೆಯ ಮಾರ್ಗಸೂಚಿ ದರವನ್ನೂ, ಅಂದರೆ ನೋಂದಣಿಗೆ ಸರ್ಕಾರ ನಿಗದಿ ಮಾಡಿದ ಕನಿಷ್ಠ ದರವನ್ನೂ ಬರೆದುಕೊಳ್ಳಿ. ಅದು ಚದರ ಮೀಟರಿನಲ್ಲಿರುತ್ತದೆ. 10.764ರಿಂದ ಭಾಗಿಸಿದರೆ ಚದರಡಿಯ ದರ ಬರುತ್ತದೆ. ಭಾಗಿಸದೆ ಹಾಗೇ ಓದಿ ಗಾಬರಿಯಾದವರು ಒಬ್ಬಿಬ್ಬರಲ್ಲ. ಕ್ರಯಪತ್ರದ ಮೊತ್ತ ಮಾರ್ಗಸೂಚಿ ಮೌಲ್ಯಕ್ಕೆ ಪೈಸೆಗೆ ಪೈಸೆ ಸರಿಹೊಂದಿದರೆ ಆ ಮಾರಾಟವನ್ನು ಪಟ್ಟಿಯಿಂದ ತೆಗೆದುಹಾಕಿ. ಅಲ್ಲಿ ಬರೆದಿರುವುದು ನಿಜವಾದ ಬೆಲೆ ಆಗಿರುವ ಸಂಭವ ಕಡಿಮೆ.

4. ನೆಲ ಬೇರೆ, ಕಟ್ಟಡ ಬೇರೆ ಮಾಡಿ. ಇಲ್ಲಿ ನಿಧಾನವಾಗಿ ಓದಿ.

ಉದಾಹರಣೆಗೆ 40×60 ಸೈಟು, ಅದರಲ್ಲಿ ನಲವತ್ತು ವರ್ಷದ 20 ಚದರದ (2,000 ಚದರಡಿಯ) ಮನೆ, 6 ಕೋಟಿಗೆ ಹೋಯಿತು ಎನ್ನಿ. (ಈ ಅಂಕಿಗಳು ಲೆಕ್ಕ ತೋರಿಸಲಿಕ್ಕಷ್ಟೇ, ನಿಮ್ಮ ರಸ್ತೆಯವನ್ನು ನೀವು ಹಾಕಿಕೊಳ್ಳಿ.) ಜನ 6 ಕೋಟಿಯನ್ನು 2,000 ಚದರಡಿಯಿಂದ ಭಾಗಿಸಿ ‘ಚದರಡಿಗೆ 30 ಸಾವಿರ’ ಅಂತ ಊರೆಲ್ಲ ಹೇಳಿಬಿಡುತ್ತಾರೆ. ತಪ್ಪು. ಅಂಥ ಮನೆಯನ್ನು ಕೊಳ್ಳುವವರು ಸಾಮಾನ್ಯವಾಗಿ ಕೆಡವುತ್ತಾರೆ, ದುಡ್ಡು ಕೊಡುವುದು ನೆಲಕ್ಕೆ. ಇವತ್ತು ಅಂಥ ಮನೆ ಕಟ್ಟಲು ಚದರಡಿಗೆ 2,200 ರೂಪಾಯಿ ಆದರೆ ಒಟ್ಟು 44 ಲಕ್ಷ. ಕಟ್ಟಡಕ್ಕೆ ಅರವತ್ತು ವರ್ಷ ಆಯಸ್ಸು ಹಿಡಿದರೆ ಉಳಿದಿರುವುದು ಮೂರನೇ ಒಂದು ಭಾಗ, ಸುಮಾರು 15 ಲಕ್ಷ. ಅದನ್ನು ಕಳೆದರೆ ನೆಲಕ್ಕೆ 5.85 ಕೋಟಿ, 2,400 ಚದರಡಿಗೆ ಹಂಚಿದರೆ ಸುಮಾರು 24,400 ರೂಪಾಯಿ. ನಿಮ್ಮ ರಸ್ತೆಯ ರೇಟು ಇದು.

ಫ್ಲ್ಯಾಟಿನಲ್ಲಿ ಎಡವುವುದು ಇನ್ನೂ ಹೆಚ್ಚು. ‘ಪಕ್ಕದ ಅಪಾರ್ಟ್‌ಮೆಂಟಿನಲ್ಲಿ 12 ಸಾವಿರಕ್ಕೆ ಹೋಯಿತು, ನಿಮ್ಮದೂ ಅಷ್ಟೇ’ ಎನ್ನುತ್ತಾರೆ. ಆ 12 ಸಾವಿರ ಸೂಪರ್ ಬಿಲ್ಟ್ ಅಪ್ ಲೆಕ್ಕ. ಎಲ್ಲರಿಗೂ ಸೇರಿದ ಮೆಟ್ಟಿಲು, ಲಿಫ್ಟು, ಕಾರಿಡಾರ್ ಎಲ್ಲ ಅದರೊಳಗಿದೆ. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ ರೇರಾ ಕಾಯ್ದೆ ಲೆಕ್ಕಕ್ಕೆ ಹಿಡಿಯುವುದು ಕಾರ್ಪೆಟ್ ಏರಿಯಾವನ್ನು, ಅಂದರೆ ಫ್ಲ್ಯಾಟಿನ ಹೊರಗೋಡೆಗಳ ಒಳಗೆ ನೀವು ಬಳಸುವ ಜಾಗವನ್ನು. 1,500 ಚದರಡಿಯ ಫ್ಲ್ಯಾಟಿನಲ್ಲಿ ಕಾರ್ಪೆಟ್ 1,080 ಇದ್ದರೆ, 1.8 ಕೋಟಿಯ ಬೆಲೆ ಚದರಡಿಗೆ 12 ಸಾವಿರವಲ್ಲ, 16,600 ದಾಟುತ್ತದೆ.

ಅದಕ್ಕಿಂತ ಮುಖ್ಯವಾದದ್ದು ನೆಲದ ಅವಿಭಜಿತ ಪಾಲು, ಅಂದರೆ ಇಡೀ ಸೈಟಿನಲ್ಲಿ ನಿಮ್ಮ ಫ್ಲ್ಯಾಟಿಗೆ ಸೇರಿದ ನೆಲ. ಅದೇ 40×60 ಸೈಟಿನಲ್ಲಿ ನಾಲ್ಕೇ ಫ್ಲ್ಯಾಟಿದ್ದರೆ ಒಬ್ಬೊಬ್ಬರಿಗೆ 600 ಚದರಡಿ ನೆಲ, ಅಂದರೆ 1.46 ಕೋಟಿ. ಹದಿನೈದು ವರ್ಷದ ಕಟ್ಟಡಕ್ಕೆ ಮೇಲಿನ ಲೆಕ್ಕದಂತೆಯೇ (1,500 ಚದರಡಿ, ಆಯಸ್ಸಿನ ಮುಕ್ಕಾಲು ಭಾಗ ಉಳಿದಿದೆ) ಸುಮಾರು 25 ಲಕ್ಷ ಸೇರಿಸಿ: 1.71 ಕೋಟಿ. ಒತ್ತೊತ್ತಾಗಿ ಕಟ್ಟಿದ ಇನ್ನೊಂದು ಕಡೆ ಅಷ್ಟೇ ದೊಡ್ಡ, ಅಷ್ಟೇ ಹಳೆಯ ಫ್ಲ್ಯಾಟಿಗೆ ನೆಲದ ಪಾಲು 400 ಚದರಡಿ ಇದ್ದರೆ ಲೆಕ್ಕ 1.23 ಕೋಟಿಗೇ ನಿಲ್ಲುತ್ತದೆ. ಹೊರಗಿನಿಂದ ಎರಡೂ ಒಂದೇ ಥರ ಕಾಣುತ್ತವೆ. ಕ್ರಯಪತ್ರದ ಷೆಡ್ಯೂಲಿನಲ್ಲಿ ಈ ಪಾಲು ಬರೆದಿರುತ್ತದೆ. ಅದನ್ನು ಓದದೆ ಫ್ಲ್ಯಾಟಿನ ಬೆಲೆ ಮಾತಾಡಲೇಬೇಡಿ. ಹಳೇ ಫ್ಲ್ಯಾಟು ಕೊಳ್ಳುವವರಿಗೆ ನನ್ನ ಖಡಾಖಂಡಿತ ಸಲಹೆ: ಒಳಾಂಗಣಕ್ಕೆ ಮರುಳಾಗಬೇಡಿ, ನೆಲ ಹೆಚ್ಚಿರುವುದನ್ನು ಹಿಡಿಯಿರಿ.

5. ಒಂದೇ ಅಳತೆಗೆ ತನ್ನಿ. ಯಾರಾದರೂ ಬಾಯಲ್ಲಿ ಬೆಲೆ ಹೇಳಿದರೆ ನೋಂದಣಿ ಖರ್ಚು ಸೇರಿದೆಯೇ ಕೇಳಿ. ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್, ಸರ್ಚಾರ್ಜ್, 2025ರ ಆಗಸ್ಟ್ 31ರಿಂದ ಶೇ 2 ಆದ ನೋಂದಣಿ ಶುಲ್ಕ, ಎಲ್ಲ ಸೇರಿದರೆ ಶೇ 7.6.

6. ಏರಿದೆಯೋ ಇಳಿದಿದೆಯೋ ನೋಡಿ. ಸರಾಸರಿ ತೆಗೆಯಬೇಡಿ. ನೆಲದ ರೇಟುಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳಿ. ಮೂಲೆ ಸೈಟಿನ ಒಂದು ದುಬಾರಿ ಮಾರಾಟ ಇಡೀ ಲೆಕ್ಕವನ್ನು ಎಳೆದಾಡದು. ಆರಕ್ಕಿಂತ ಕಡಿಮೆ ಮಾರಾಟ ಸಿಕ್ಕಿದ್ದರೆ ಪಕ್ಕದ ಎರಡು ಕ್ರಾಸ್ ಸೇರಿಸಿಕೊಳ್ಳಿ.

ಮಾರಾಟದ ಸಂಖ್ಯೆಯನ್ನು ತಿಂಗಳಿಂದ ತಿಂಗಳಿಗೆ ಹೋಲಿಸುವುದು ವ್ಯರ್ಥ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ನಮ್ಮವರು ನೋಂದಣಿಗೆ ಹೋಗುವುದೇ ಕಡಿಮೆ. ಅದನ್ನು ಕಂಡು ‘ಮಾರ್ಕೆಟ್ ಬಿತ್ತು’ ಅನ್ನಬಾರದು. ಹೋದ ವರ್ಷದ ಆಷಾಢದ ಪಕ್ಕದಲ್ಲಿ ಈ ವರ್ಷದ ಆಷಾಢವನ್ನು ಇಡಿ. 2023ರ ಅಕ್ಟೋಬರ್ 1ರಂದು ಮಾರ್ಗಸೂಚಿ ದರ ಏರುವ ಮುನ್ನ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ನೂಕುನುಗ್ಗಲಾಗಿತ್ತು. ಅಂಥ ತಿಂಗಳ ಏರಿಕೆ, ಅದರ ಹಿಂದೆಯೇ ಬರುವ ಇಳಿಕೆ ಎರಡನ್ನೂ ಒಟ್ಟಿಗೇ ನೋಡಿ.

ಮೆಟ್ರೊ ವಿಷಯದಲ್ಲೂ ಹೀಗೇ. ಹಸಿರು ಮಾರ್ಗದ ರೈಲು ಜಯನಗರಕ್ಕೆ ಬಂದದ್ದು 2017ರಲ್ಲಿ, ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಉದ್ಘಾಟನೆಯಾದದ್ದು 2025ರ ಆಗಸ್ಟ್ 10ರಂದು. ‘ಹಳದಿ ಮಾರ್ಗ ಬಂತು, ರೇಟು ಏರಿತು’ ಎನ್ನುವವರಿಗೆ ನಿಲ್ದಾಣದ ಹತ್ತಿರದ ಮತ್ತು ದೂರದ ಕ್ರಾಸುಗಳ ಎರಡು ಪಟ್ಟಿ ಮಾಡಲು ಹೇಳಿ. ಎರಡೂ ಒಂದೇ ಸಮ ಏರಿದ್ದರೆ, ಏರಿಕೆಯನ್ನು ಮೆಟ್ರೊ ಲೆಕ್ಕಕ್ಕೆ ಬರೆದು ಹೆಚ್ಚು ದುಡ್ಡು ಕೊಡಬೇಕಾಗಿಲ್ಲ.

7. ಈಗ ಎರಡನೇ ಹಂತದ ಪುಟ ತೆಗೆಯಿರಿ. ಕೇಳುವ ಬೆಲೆಗಳನ್ನೂ ನಾಲ್ಕನೇ ಹಂತದಂತೆಯೇ ನೆಲದ ರೇಟಿಗೆ ಇಳಿಸಿ, ನಡೆದ ಬೆಲೆಯ ಪಕ್ಕದಲ್ಲಿ ಬರೆಯಿರಿ. ಆರು ತಿಂಗಳ ಹಿಂದೆ ಬರೆದ ಮನೆ ಇನ್ನೂ ಅದೇ ಜಾಹೀರಾತಿನಲ್ಲಿದ್ದರೆ ಅದರ ಮುಂದೆ ಒಂದು ಗುರುತು ಹಾಕಿ. ಅಂಥ ಮನೆಯ ಮಾಲೀಕರ ಬಳಿ ಮಾತಿಗೆ ಕೂರುವಾಗ ಈ ಹಾಳೆ ಜೊತೆಗಿರಲಿ, ನೀವು ಹೇಳುವ ಮೊದಲ ಬೆಲೆ ಅದರಿಂದಲೇ ಬರಲಿ.