ಅಂಕ ನಿಂತಲ್ಲೇ ನಿಂತಾಗ: ಏರ್ ಪಿಸ್ತೂಲ್ ಅಭ್ಯಾಸದಲ್ಲಿ ನನ್ನ ಅನುಭವ

ಹತ್ತು ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ಪಿಸ್ತೂಲ್ ಕಲಿಯುವಾಗ ಮೊದಲ ತಿಂಗಳುಗಳು ಖುಷಿಯಲ್ಲೇ ಕಳೆಯುತ್ತವೆ. ಹೋದಾಗಲೆಲ್ಲ ಅಂಕ ಏರುತ್ತಿರುತ್ತದೆ. ಕಷ್ಟ ಶುರುವಾಗುವುದು ಆಮೇಲೆ. 60 ಶಾಟ್‌ಗೆ 600 ಅಂಕ. ನನ್ನದು 540ರ ಆಸುಪಾಸಿಗೆ ಬಂದು ಅಲ್ಲೇ ಕೂತುಬಿಟ್ಟಿತು. ಆಫೀಸ್ ಮುಗಿಸಿ, ಬೆಂಗಳೂರಿನ ಟ್ರಾಫಿಕ್ ದಾಟಿ ರೇಂಜಿಗೆ ಹೋಗಿ, ಮತ್ತೆ ಅದೇ ಅಂಕ ಬರೆದುಕೊಂಡು ಬರುವುದೆಂದರೆ ಯಾರಿಗಾದರೂ ಬೇಜಾರಾಗುತ್ತದೆ, ಅಲ್ವಾ? ಆ ಹೊತ್ತಿನಲ್ಲಿ ನಾನು ಅಭ್ಯಾಸ ಬಿಡದೆ ಉಳಿದಿದ್ದು, ಅಂಕ ಬಿಟ್ಟು ಬೇರೆ ಸಂಗತಿಗಳನ್ನು ಅಳೆಯೋಕೆ ಶುರು ಮಾಡಿದ್ದರಿಂದ.

ಟಾರ್ಗೆಟ್‌ನ ನಟ್ಟನಡುವೆ ಹತ್ತು ಅಂಕ ಕೊಡುವ ವೃತ್ತದ ಅಗಲ ಬರೀ 11.5 ಮಿಲಿಮೀಟರ್. ಪಿಸ್ತೂಲ್ ಹಿಡಿಯುವುದು ಒಂದೇ ಕೈಯಲ್ಲಿ, ಯಾವ ಆಸರೆಯೂ ಇಲ್ಲದೆ. ಕೈ ಅಲುಗಾಡೇ ಅಲುಗಾಡುತ್ತದೆ. ಅದನ್ನು ನೋಡಿಯೇ ಎಷ್ಟೋ ಜನ ಧೈರ್ಯ ಕಳೆದುಕೊಳ್ಳುತ್ತಾರೆ. ನಮ್ಮ ಕೋಚ್ ಒಂದು ಲೆಕ್ಕ ಹೇಳಿಕೊಟ್ಟರು. ಗುರಿ ನೋಡಲು ಪಿಸ್ತೂಲ್ ಮೇಲೆ ಹಿಂದೊಂದು ಮುಂದೊಂದು ಇರುವ ಎರಡೂ ಸೈಟ್ ಸರಿಯಾಗಿ ಕೂತಿದ್ದು, ಇಡೀ ಕೈ 5 ಮಿ.ಮೀ. ಸರಿದರೆ ಪೆಲೆಟ್ಟೂ (ಪುಟ್ಟ ಗುಂಡು) ಅಷ್ಟೇ ಸರಿಯುತ್ತದೆ. ಅಂದರೆ ಆಗಲೂ ಹತ್ತೇ. ಆದರೆ ಮುಂದಿನ ಸೈಟ್ ಹಿಂದಿನ ಸೈಟಿನ ಕಚ್ಚಿನಲ್ಲಿ 1 ಮಿ.ಮೀ. ವಾಲಿತು ಅಂದುಕೊಳ್ಳಿ. ಎರಡು ಸೈಟ್‌ಗಳ ನಡುವೆ ಸುಮಾರು 33 ಸೆಂ.ಮೀ. ಇರುವುದರಿಂದ, ಅಲ್ಲಿನ 1 ಮಿ.ಮೀ. ಹತ್ತು ಮೀಟರ್ ಆಚೆ 3 ಸೆಂ.ಮೀ. ಆಗುತ್ತದೆ. ಅವತ್ತಿಂದ ಕೈ ನಡುಗುತ್ತದೆ ಅನ್ನುವ ಚಿಂತೆ ಬಿಟ್ಟೆ. ಕಣ್ಣು ಮುಂದಿನ ಸೈಟ್ ಮೇಲೆ. ಕಪ್ಪು ವೃತ್ತ ಮಸುಕಾಗಿಯೇ ಇರಲಿ.

ಇದನ್ನು ರೂಢಿ ಮಾಡಿಕೊಳ್ಳಲು ಟಾರ್ಗೆಟ್ ಕಾರ್ಡನ್ನು ತಿರುಗಿಸಿ ಬಿಳಿ ಬದಿಗೆ ಹೊಡೆದೆ. ಅಲ್ಲಿ ವೃತ್ತವಿಲ್ಲ, ಅಂಕವೂ ಇಲ್ಲ. ಐದೈದು ಶಾಟ್ ಹೊಡೆದು, ತೀರಾ ದೂರ ಬಿದ್ದ ಎರಡು ತೂತುಗಳ ನಡುವೆ ಸ್ಕೇಲ್ ಇಟ್ಟು ಅಳೆಯುವುದಷ್ಟೇ. ಅಂಕ ಹಂದಾಡದ ವಾರಗಳಲ್ಲೂ ಗ್ರೂಪ್, ಅಂದರೆ ತೂತುಗಳ ಗುಂಪು, ಬಿಗಿಯಾಗುತ್ತಾ ಬಂತು. ಮತ್ತೆ ರೇಂಜಿಗೆ ಹೋಗೋಣ ಅನ್ನಿಸಿದ್ದು ಅದನ್ನು ನೋಡಿ.

ಎಲ್ಲಕ್ಕಿಂತ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಶಾಟ್ ಕಾಲ್ ಮಾಡುವುದು. ಶಾಟ್ ಹೋದ ಮೇಲೆ ಒಂದೆರಡು ಸೆಕೆಂಡ್ ಕೈ ಹಾಗೇ ಇರಬೇಕು. ಶಾಟ್ ಬಿದ್ದ ಜಾಗ ತೋರಿಸುವ ಮಾನಿಟರ್ ನೋಡುವ ಮೊದಲೇ ಹೇಳಬೇಕು: ‘ಎಂಟು, ಎಡಕ್ಕೆ, ಸ್ವಲ್ಪ ಕೆಳಗೆ.’ ಡೈರಿಯಲ್ಲಿ ಚಿಕ್ಕ ವೃತ್ತ ಬರೆದು, ಅಂದಾಜಿಗೆ ಒಂದು ಚುಕ್ಕಿ, ನಿಜವಾಗಿ ಬಿದ್ದ ಜಾಗಕ್ಕೆ ಒಂದು ಅಡ್ಡಗೆರೆ. ಮೊದಮೊದಲು ಎರಡಕ್ಕೂ ಸಂಬಂಧವೇ ಇರುವುದಿಲ್ಲ. ದಿನ ಕಳೆದಂತೆ ಹತ್ತಿರ ಬರುತ್ತವೆ. ಬಲಗೈಯವರು ಟ್ರಿಗರ್ ಜಗ್ಗಿದರೆ ಶಾಟ್ ಸಾಮಾನ್ಯವಾಗಿ ಎಡಗಡೆ ಕೆಳಕ್ಕೆ ಹೋಗುತ್ತದೆ. ಆ ಜಗ್ಗು ಬೆರಳಿಗೇ ಗೊತ್ತಾಗತೊಡಗಿದರೆ ಅರ್ಧ ಕೆಲಸ ಮುಗಿದ ಹಾಗೆ. ಹೇಗೆ ಬಂತೆಂದು ಗೊತ್ತಿಲ್ಲದ ಹತ್ತಕ್ಕಿಂತ, ಮಾನಿಟರ್ ನೋಡುವ ಮೊದಲೇ ಸರಿಯಾಗಿ ಹೇಳಿದ ಎಂಟು ನನಗೆ ಹೆಚ್ಚು.

ಇನ್ನೊಂದು ಲೆಕ್ಕ, ಇಳಿಸಿದ್ದರದ್ದು. ಎಂಟು-ಹತ್ತು ಸೆಕೆಂಡಲ್ಲಿ ಶಾಟ್ ಹೋಗದಿದ್ದರೆ ಕೈ ಇಳಿಸಬೇಕು. ಮನಸ್ಸು ‘ಹೊಡೆದುಬಿಡು’ ಅನ್ನುತ್ತಿರುತ್ತದೆ. ಹಾಗಾಗಿ ಇಳಿಸಿದಾಗಲೆಲ್ಲ ಡೈರಿಯಲ್ಲಿ ಒಂದು ಗೀಟು ಎಳೆದೆ. ಗೀಟು ಜಾಸ್ತಿ ಇದ್ದ ದಿನ ಕೆಟ್ಟ ಶಾಟ್ ಕಮ್ಮಿ.

ರೇಂಜಿಗೆ ಹೋಗಲಾಗದ ದಿನ ಮನೆಯಲ್ಲಿ ಬಿಳಿ ಗೋಡೆಗೆ ಡ್ರೈ ಫೈರಿಂಗ್, ಅಂದರೆ ಪೆಲೆಟ್ ಹಾಕದೆ ಟ್ರಿಗರ್ ಒತ್ತುವ ಅಭ್ಯಾಸ. ಪೆಲೆಟ್ ಡಬ್ಬಿ ಬೇರೆ ಕೋಣೆಯಲ್ಲಿರಬೇಕು, ಪಿಸ್ತೂಲ್ ಖಾಲಿ ಇದೆಯೇ ಅಂತ ಎರಡೆರಡು ಸಲ ನೋಡಬೇಕು. ಇದರಲ್ಲಿ ರಾಜಿಯೇ ಇಲ್ಲ. ಕಾಲು ಗಂಟೆ ಸಾಕು.

ವಯಸ್ಸಾಯ್ತು ಅನ್ನುವವರಿಗೆ ನಾನು ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ ಅವರ ಹೆಸರು ಹೇಳುತ್ತೇನೆ. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದವರು, ವಾಪಸ್ ಬಂದು ಶೂಟಿಂಗಿಗೆ ನಿಂತರು. 2013ರಲ್ಲಿ ಚಾಂಗ್ವಾನ್ ವಿಶ್ವಕಪ್‌ನಲ್ಲಿ ಕಂಚು ಗೆದ್ದರು. ಅದೇ ವರ್ಷ ಮುಖಕ್ಕೆ ಪಾರ್ಶ್ವವಾಯು ಹೊಡೆಯಿತು. ಮರುವರ್ಷ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಇದೇ ಏರ್ ಪಿಸ್ತೂಲ್‌ನಲ್ಲಿ ಬೆಳ್ಳಿ, 38ನೇ ವಯಸ್ಸಿನಲ್ಲಿ. ಎಷ್ಟು ಸಲ ನೆನೆದರೂ ನನಗೆ ಮೈ ಜುಮ್ಮೆನ್ನುತ್ತದೆ.

ನನ್ನ ಅಂಕ ಈಗ 550 ದಾಟಿದೆ. ತಿಂಗಳಿಗೊಮ್ಮೆ ಮಾತ್ರ 75 ನಿಮಿಷದ ಪೂರ್ತಿ ಮ್ಯಾಚ್ ಹೊಡೆದು ಅಂಕ ಬರೆಯುತ್ತೇನೆ. ಕೊನೆಯ ಹತ್ತು ಶಾಟ್ ಹೊತ್ತಿಗೆ ಭುಜ ಸೋಲುತ್ತದೆ, ಅಲ್ಲೇ ಅಂಕ ಸೋರುತ್ತಿದೆ. ಹಾಗಾಗಿ ಸದ್ಯಕ್ಕೆ ಹೊಡೆಯುವುದನ್ನು ಕಮ್ಮಿ ಮಾಡಿ, ಸುಮ್ನೆ ಪಿಸ್ತೂಲ್ ಎತ್ತಿ ಹಿಡಿದು ನಿಲ್ಲುವ ಅಭ್ಯಾಸ ಜಾಸ್ತಿ ಮಾಡುತ್ತಿದ್ದೇನೆ.