ಟೀವಿ ಹಾಕಿದರೆ ಲೈಟ್ ಹೋಗುತ್ತಿತ್ತು

ಅಮ್ಮನಿಗೆ ಮೊಣಕಾಲು ನೋವು. ಕತ್ತಲಾದ ಮೇಲೆ ಎದ್ದು ಹೋಗಿ ವರಾಂಡದ್ದೊಂದು, ಅಡುಗೆಮನೆಯದ್ದೊಂದು, ಮೆಟ್ಟಿಲದ್ದೊಂದು ಎಂದು ಸ್ವಿಚ್ ಹಾಕುತ್ತಾ ಓಡಾಡುವುದು ಅವರಿಗೆ ಆಗುತ್ತಿರಲಿಲ್ಲ. ಹಾಗಾಗಿ ಮೈಸೂರಿನ ಕುವೆಂಪುನಗರದ ನಮ್ಮ ಮನೆಗೆ ಸ್ಮಾರ್ಟ್ ಬಲ್ಬ್ ತಂದು ಹಾಕಿದೆ. ವೈಫೈ ಬಲ್ಬ್ ಒಂಬತ್ತು, ಮೆಟ್ಟಿಲಿಗೆ ವೈಫೈ ಬದಲು ಜಿಗ್‌ಬೀ ಎಂಬ ಬೇರೆ ರೇಡಿಯೊ ಬಳಸುವ ಬಲ್ಬ್ ನಾಲ್ಕು, ಆ ನಾಲ್ಕನ್ನು ಮನೆಯ ಜಾಲಕ್ಕೆ ಜೋಡಿಸಲು ಒಂದು ಹಬ್. ಕೂತಲ್ಲಿಂದಲೇ ಮೊಬೈಲಿಗೆ ಹೇಳಿದರೆ ದೀಪ ಹತ್ತುತ್ತಿತ್ತು. ಒಂದು ವರ್ಷ ಯಾವ ತಕರಾರೂ ಇರಲಿಲ್ಲ.

ಹಳೆಯ ಕೇಬಲ್ ಬಾಕ್ಸ್ ತೆಗೆಸಿ, ಫೈಬರ್ ಲೈನಿನ ಜೊತೆ ಬರುವ ಆಂಡ್ರಾಯ್ಡ್ ಟೀವಿ ಬಾಕ್ಸ್ ಹಾಕಿಸಿಕೊಂಡ ಮೇಲೆ ಕಾಟ ಶುರುವಾಯಿತು. ಸಂಜೆ ವರಾಂಡದ ಲೈಟ್ ಮಾತು ಕೇಳುವುದಿಲ್ಲ. ಆ್ಯಪ್‌ನಲ್ಲಿ ನೋಡಿದರೆ ಆಫ್‌ಲೈನ್. ಬೆಳಿಗ್ಗೆ ಎದ್ದು ನೋಡಿದರೆ ಎಲ್ಲ ಸರಿ. ಟೀವಿಯೂ ಅಷ್ಟೇ, ಧಾರಾವಾಹಿಯ ಮಧ್ಯೆ ಚಿತ್ರ ನಿಂತು ಚಕ್ರ ಸುತ್ತುತ್ತಿತ್ತು.

"ಟೀವಿ ಹಾಕಿದ್ರೆ ಲೈಟ್ ಹೋಗತ್ತೆ ಕಣೋ. ಎಷ್ಟು ಸಲ ಹೇಳ್ಲಿ ನಿಂಗೆ?"

ಅಮ್ಮ ಇದನ್ನು ಮೊದಲ ವಾರವೇ ಹೇಳಿದ್ದರು. ಟೀವಿಗೂ ಬಲ್ಬಿಗೂ ಏನು ಸಂಬಂಧ ಎಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಬಲ್ಬ್ ರೀಸೆಟ್ ಮಾಡಿದೆ, ರೌಟರ್ ಜಾಗ ಬದಲಿಸಿದೆ, ಕೊನೆಗೆ ವರಾಂಡಕ್ಕೆ ಹೊಸ ಬಲ್ಬನ್ನೇ ಹಾಕಿದೆ. ವರಾಂಡ ಸರಿಯಾಯಿತು. ನಾಲ್ಕು ದಿನ ಕಳೆದ ಮೇಲೆ ಅಡುಗೆಮನೆ ಬಲ್ಬಿಗೆ ಅದೇ ರೋಗ ಬಂತು.

ದಾರಿ ತೋರಿಸಿದ್ದು ಹಾಲಿನ ಲೆಕ್ಕದ ಕ್ಯಾಲೆಂಡರ್. ಅರ್ಧ ಲೀಟರ್, ಒಂದು ಲೀಟರ್ ಎಂದು ಅಮ್ಮ ಗುರುತು ಹಾಕುವ ಚೌಕಗಳಲ್ಲೇ ಪುಟ್ಟ ಅಕ್ಷರದಲ್ಲಿ "7.30 ವರಾಂಡ ಇಲ್ಲ", "ಇವತ್ತು ಸರಿ", "ಮಧ್ಯಾಹ್ನ ಕರೆಂಟ್ ಹೋಗಿತ್ತು, ರಾತ್ರಿ ಅಡಿಗೆಮನೆ ಇಲ್ಲ" ಎಂದೆಲ್ಲ ಬರೆದಿಟ್ಟಿದ್ದರು. ಮೂರು ವಾರದ್ದನ್ನು ಒಟ್ಟಿಗೆ ಓದಿದಾಗ ಎರಡು ಸಂಗತಿ ಕಣ್ಣಿಗೆ ಬಿದ್ದವು. ಟೀವಿ ಹಾಕದ ದಿನ ಯಾವ ಲೈಟಿಗೂ ತೊಂದರೆಯಿಲ್ಲ. ಕೆಡುವ ಲೈಟ್ ಯಾವುದು ಎಂಬುದು ಬದಲಾಗುವುದು ಕರೆಂಟ್ ಹೋಗಿ ಬಂದ ಮೇಲೆ ಮಾತ್ರ. ಬಲ್ಬೇ ಕೆಟ್ಟಿದ್ದರೆ ರೋಗ ಒಂದು ಬಲ್ಬಿನಿಂದ ಇನ್ನೊಂದಕ್ಕೆ ದಾಟುವುದಿಲ್ಲ. ಹಾಗಾದರೆ ಕರೆಂಟ್ ಬಂದಾಗ ರೌಟರ್ ಬಲ್ಬಿಗೆ ಹೊಸದಾಗಿ ಕೊಡುವ ವಿಳಾಸದಲ್ಲೇ ದೋಷ ಇರಬೇಕು.

ಅವತ್ತು ಸಂಜೆ ಲ್ಯಾಪ್‌ಟಾಪ್ ಇಟ್ಟುಕೊಂಡು ಹಾಲ್‌ನಲ್ಲಿ ಕೂತೆ. ಆ್ಯಪ್‌ನಲ್ಲಿ ಆ ಬಲ್ಬಿನ ವಿವರ ತೆಗೆದರೆ ಐಪಿ ವಿಳಾಸ 192.168.1.104 ಎಂದಿತ್ತು. ಕೆಳಗೆ ಮ್ಯಾಕ್ ವಿಳಾಸ, ಕೊನೆಯ ಎರಡು ಅಂಕಿ 42. ಐಪಿ ಎಂದರೆ ರೌಟರ್ ಕೊಡುವ ಮನೆ ನಂಬರ್, ಬದಲಾಗಬಹುದು. ಮ್ಯಾಕ್ ಎಂದರೆ ಕಾರ್ಖಾನೆಯಲ್ಲೇ ಆ ಸಾಧನಕ್ಕೆ ಬಿದ್ದ ಮುದ್ರೆ. ಹನ್ನೆರಡು ಅಕ್ಷರ, ಮೊದಲ ಆರು ನೋಡಿದರೆ ತಯಾರಕರು ಯಾರು ಎಂದು ತಿಳಿಯುತ್ತದೆ. 104ಕ್ಕೆ ಪಿಂಗ್, ಅಂದರೆ ಇದ್ದೀಯಾ ಎಂದು ಕೇಳುವ ಕರೆ, ಕೊಡುತ್ತಾ ಲ್ಯಾಪ್‌ಟಾಪಿನ ಎಆರ್‌ಪಿ ಪಟ್ಟಿ ತೆಗೆದು ನೋಡಿದೆ. ಯಾವ ಐಪಿಯಲ್ಲಿ ಯಾವ ಮ್ಯಾಕ್ ಇದೆ ಎಂದು ಕಂಪ್ಯೂಟರ್ ನೆನಪಿಟ್ಟುಕೊಳ್ಳುವ ಪಟ್ಟಿ ಅದು. 104ರ ಎದುರು 42ರಲ್ಲಿ ಕೊನೆಯಾಗುವ ಮ್ಯಾಕ್. ಸರಿಯಾಗೇ ಇದೆ.

"ಅಮ್ಮಾ, ಈಗ ಟೀವಿ ಹಾಕಿ" ಎಂದೆ.

ಗೋಡೆಯ ಸ್ವಿಚ್ ಒತ್ತಿದರು. ಬಾಕ್ಸ್ ಎದ್ದು ಮುಖಪುಟ ತೋರಿಸಲು ಮುಕ್ಕಾಲು ನಿಮಿಷ ಹಿಡಿಯಿತು. ಪಿಂಗ್ ಒಂದೆರಡು ಸಲ ತಪ್ಪಿ, ಮತ್ತೆ ಬರತೊಡಗಿತು, ಆದರೆ ಉತ್ತರ ಬರುವ ವೇಗವೇ ಬೇರೆ. ಎಆರ್‌ಪಿ ಪಟ್ಟಿಯನ್ನು ಅಳಿಸಿ ಮತ್ತೆ ತೆಗೆದೆ. ಅದೇ 104, ಮ್ಯಾಕ್ ಮಾತ್ರ ಬೇರೆ, ಕೊನೆಗೆ 97. ಟೀವಿ ಬಾಕ್ಸ್ ಮಗುಚಿ ಅಡಿಯ ಸ್ಟಿಕ್ಕರ್ ನೋಡಿದೆ. 97.

ಒಂದೇ ನಂಬರಿನಲ್ಲಿ ಎರಡು ಮನೆ. ನಮ್ಮ ಬಡಾವಣೆಗಳಲ್ಲಿ ಹಳೇ ನಂಬರ್, ಹೊಸ ನಂಬರ್ ಎಂದು ಎರಡೆರಡು ಇರುತ್ತವಲ್ಲ, ಒಬ್ಬರ ಹಳೇ ನಂಬರ್ ಇನ್ನೊಬ್ಬರ ಹೊಸ ನಂಬರ್ ಆಗಿ ಕಾಗದ ಅದಲುಬದಲಾಗುತ್ತದಲ್ಲ, ಅದೇ ಪಾಡು. 104 ಯಾರು ಎಂದು ರೌಟರ್ ಕೂಗಿದರೆ ಬಲ್ಬೂ ನಾನೇ ಎನ್ನುತ್ತದೆ, ಟೀವಿ ಬಾಕ್ಸೂ ನಾನೇ ಎನ್ನುತ್ತದೆ. ಸಾಮಾನ್ಯವಾಗಿ ಕೊನೆಗೆ ಹೇಳಿದವರ ಮಾತೇ ನಿಲ್ಲುತ್ತದೆ. ಬಲ್ಬಿಗೆ ಕೊಟ್ಟ ಆದೇಶ ಟೀವಿ ಬಾಕ್ಸಿಗೆ ಹೋಗುತ್ತಿತ್ತು, ಟೀವಿಗೆ ಬರಬೇಕಾದ ಚಿತ್ರದ ತುಣುಕು ಆಗೊಮ್ಮೆ ಈಗೊಮ್ಮೆ ಬಲ್ಬಿನ ಕಡೆ ಹೋಗಿ ಕಳೆದುಹೋಗುತ್ತಿತ್ತು.

ಹೀಗೇಕಾಯಿತು? ಬಾಕ್ಸ್ ಹಾಕಲು ಬಂದವರು ಅದರ ನೆಟ್‌ವರ್ಕ್ ಸೆಟ್ಟಿಂಗ್‌ನಲ್ಲಿ ಐಪಿಯನ್ನು ಸ್ಟ್ಯಾಟಿಕ್, ಅಂದರೆ ಬದಲಾಗದಂತೆ, ಮಾಡಿ ಕೈಯಾರೆ 104 ಎಂದು ಬರೆದುಹೋಗಿದ್ದರು. ನಮ್ಮ ರೌಟರ್ 100ರಿಂದ 199ರವರೆಗಿನ ನಂಬರುಗಳನ್ನು ಡಿಎಚ್‌ಸಿಪಿ ಎಂಬ ವ್ಯವಸ್ಥೆಯ ಮೂಲಕ ತಾನೇ ಹಂಚುತ್ತದೆ. 104 ಆ ಸಾಲಿನ ನಡುವೆಯೇ ಇದೆ. ರೌಟರ್‌ಗೆ ಈ ಸಂಗತಿ ಗೊತ್ತೇ ಇಲ್ಲ.

ನಮ್ಮ ಮನೆಯ ಅಭ್ಯಾಸವೂ ಇದರ ಜೊತೆ ಸೇರಿತ್ತು. 1997ರ ಡಿಎಚ್‌ಸಿಪಿ ನಿಯಮದ ಪ್ರಕಾರ, ನಂಬರ್ ಕೊಡುವ ಮೊದಲು ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಒಮ್ಮೆ ಪಿಂಗ್ ಮಾಡಿ ನೋಡುವುದು ಒಳ್ಳೆಯದು. ನಮ್ಮ ರೌಟರ್ ಹಾಗೆ ನೋಡಿದ್ದರೂ ಉತ್ತರ ಸಿಗುತ್ತಿರಲಿಲ್ಲ. ರಾತ್ರಿ ಟೀವಿಯನ್ನು ಗೋಡೆಯ ಸ್ವಿಚ್ಚಿನಲ್ಲಿ ಆರಿಸದೆ ಅಮ್ಮ ಮಲಗುವುದಿಲ್ಲ. ಮರುದಿನ ಸಂಜೆಯವರೆಗೂ ಬಾಕ್ಸಿಗೆ ಕರೆಂಟೇ ಇಲ್ಲ. ಹಗಲಲ್ಲಿ ಕರೆಂಟ್ ಹೋಗಿ ಬಂತೆಂದರೆ ರೌಟರ್ ಹಳೆಯ ಹಂಚಿಕೆ ಮರೆತು ಹೊಸದಾಗಿ ಏಳುತ್ತದೆ, ಒಂಬತ್ತು ಬಲ್ಬೂ ಒಟ್ಟಿಗೇ ನಂಬರ್ ಕೇಳುತ್ತವೆ, ಯಾವ ಬಲ್ಬಿನ ಸರದಿಗೆ 104 ಬರುತ್ತದೋ ಆ ಲೈಟಿಗೆ ಅವತ್ತು ಸಂಜೆ ಗ್ರಹಚಾರ. ಮತ್ತೆ ಕರೆಂಟ್ ಹೋಗುವ ತನಕ ಅದೇ ಲೈಟ್. ಕ್ಯಾಲೆಂಡರಿನ ಒಂದೊಂದು ಚೌಕವೂ ಇದಕ್ಕೆ ತಾಳೆಯಾಯಿತು. ಹೊಸ ಬಲ್ಬಿಗೆ ಕೊಟ್ಟ ದುಡ್ಡು ದಂಡ.

ಸರಿಪಡಿಸಲು ಅರ್ಧ ಗಂಟೆ ಸಾಕಾಯಿತು. ಟೀವಿ ಬಾಕ್ಸಿನಲ್ಲಿ ಐಪಿ ಸೆಟ್ಟಿಂಗನ್ನು ಸ್ಟ್ಯಾಟಿಕ್‌ನಿಂದ ಡಿಎಚ್‌ಸಿಪಿಗೆ ತಿರುಗಿಸಿದೆ. ಆಮೇಲೆ ರೌಟರ್ ಪುಟಕ್ಕೆ ಹೋಗಿ ಅಡ್ರೆಸ್ ರಿಸರ್ವೇಷನ್ ಎಂಬಲ್ಲಿ ಬಾಕ್ಸಿನ ಮ್ಯಾಕ್ ಬರೆದು ಅದಕ್ಕೆ ಯಾವಾಗಲೂ 120 ಎಂದು ಕಾಯ್ದಿರಿಸಿದೆ, ಹಬ್ಬಿಗೆ 121, ಬಲ್ಬುಗಳಿಗೆ 131ರಿಂದ 139. ನಂಬರನ್ನು ಸಾಧನದೊಳಗೆ ಬರೆಯಬಾರದು, ರೌಟರಿನಲ್ಲಿ ಬರೆಯಬೇಕು. ಎಲ್ಲ ಲೆಕ್ಕವೂ ಒಂದೇ ಕೈಯಲ್ಲಿದ್ದರೆ ಘರ್ಷಣೆ ಬರುವುದಿಲ್ಲ. ಕೈಯಾರೆ ಬರೆಯಲೇಬೇಕಾದ ಸಾಧನ ಇದ್ದರೆ, ಕ್ಯಾಮೆರಾ ರೆಕಾರ್ಡರ್ ಥರದ್ದು, ರೌಟರ್ ಹಂಚುವ ಸಾಲಿನ ಹೊರಗಿನ ನಂಬರ್ ಕೊಡಿ. ನಮ್ಮಲ್ಲಾದರೆ 100ಕ್ಕಿಂತ ಕೆಳಗಿನದು. ಜೊತೆಗೆ ಫೈಬರ್ ಬಾಕ್ಸನ್ನೂ ರೌಟರನ್ನೂ ಯುಪಿಎಸ್ ಲೈನಿಗೆ ಹಾಕಿಸಿದೆ.

ಬಲ್ಬುಗಳನ್ನೆಲ್ಲ ಗೆಸ್ಟ್ ವೈಫೈಗೆ, ಅಂದರೆ ಅತಿಥಿಗಳಿಗೆಂದು ರೌಟರಿನಲ್ಲಿರುವ ಬೇರೆ ಜಾಲಕ್ಕೆ, ಹಾಕಿಬಿಡು ಎಂದು ಗೆಳೆಯರೊಬ್ಬರು ಹೇಳಿದ್ದರು. ಮಾಡಿ ನೋಡಿದೆ. ಗೆಸ್ಟ್ ಜಾಲದಲ್ಲಿರುವುದು ಮನೆಯ ಜಾಲಕ್ಕೆ ಕಾಣಿಸದಂತೆ ರೌಟರ್ ತಡೆಯುತ್ತದೆ. ಮೊಬೈಲಿನ ಮಾತು ಇಂಟರ್‌ನೆಟ್ ಸುತ್ತಿ ಬರಬೇಕಾಗಿ ಲೈಟ್ ತಡವಾಗಿ ಹತ್ತಿತು, ಇಂಟರ್‌ನೆಟ್ ನಿಂತರೆ ಅದೂ ಇಲ್ಲ. ಅಮ್ಮನಂಥವರಿಗೆ ಅದು ಆಗದು ಎಂದು ವಾಪಸ್ ತಂದೆ.

ವೈಫೈ ಬಲ್ಬುಗಳು ಸುಧಾರಿಸಿದವು. ಮೆಟ್ಟಿಲಿನ ನಾಲ್ಕು ಮಾತ್ರ ಟೀವಿ ಓಡುವಾಗ ತಡವರಿಸುತ್ತಲೇ ಇದ್ದವು. ಅವು ಜಿಗ್‌ಬೀ, ಅವಕ್ಕೆ ಐಪಿ ಇರುವುದೇ ಇಲ್ಲ, ಹಾಗಾಗಿ ಕಾರಣವೂ ಬೇರೆ ಇರಬೇಕು. ಜಿಗ್‌ಬೀಯೂ ವೈಫೈಯೂ ಓಡಾಡುವುದು ಒಂದೇ 2.4 ಗಿಗಾಹರ್ಟ್ಸ್ ರೇಡಿಯೊ ಪಟ್ಟಿಯಲ್ಲಿ. ಟೀವಿ ಬಾಕ್ಸ್ ಅದೇ ಪಟ್ಟಿಯಲ್ಲಿ ಗಂಟೆಗಟ್ಟಲೆ ವೀಡಿಯೊ ಎಳೆಯುತ್ತಿತ್ತು, ಹಬ್ ಅದರ ಬೆನ್ನಿಗೇ ಅಂಟಿಕೊಂಡಿತ್ತು. ಸಾಲದ್ದಕ್ಕೆ ಸಿನಿಮಾ ತುಂಬಿದ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಬಾಕ್ಸಿಗೆ ಚುಚ್ಚಿತ್ತು. ಯುಎಸ್‌ಬಿ 3.0 ಕೆಲಸ ಮಾಡುವಾಗ ಇದೇ 2.4 ಪಟ್ಟಿಯಲ್ಲಿ ಗದ್ದಲ ಎಬ್ಬಿಸುತ್ತದೆ ಎಂದು ಇಂಟೆಲ್ 2012ರಲ್ಲೇ ಅಳೆದು ಬರೆದಿದೆ.

ಹಬ್ಬನ್ನು ಟೀವಿಯಿಂದ ಎರಡು ಮೀಟರ್ ಆಚೆ, ಮೆಟ್ಟಿಲ ಹತ್ತಿರದ ಗೋಡೆಗೆ ಸರಿಸಿದೆ. ಟೀವಿ ಬಾಕ್ಸಿಗೆ ರೌಟರಿನಿಂದ ಲ್ಯಾನ್ ಕೇಬಲ್ ಎಳೆದೆ. ರೌಟರ್ ತಾನೇ ಚಾನೆಲ್, ಅಂದರೆ ಆ ರೇಡಿಯೊ ಪಟ್ಟಿಯೊಳಗಿನ ಓಣಿ, ಹುಡುಕದಂತೆ ವೈಫೈಯನ್ನು ಚಾನೆಲ್ 1ರಲ್ಲಿ, 20 ಮೆಗಾಹರ್ಟ್ಸ್ ಅಗಲದಲ್ಲಿ ನಿಲ್ಲಿಸಿ, ಹಬ್ಬನ್ನು ಜಿಗ್‌ಬೀಯ 25ಕ್ಕೆ ಕಳಿಸಿದೆ. ವೈಫೈ ಚಾನೆಲ್ 1ರ ನಡುಬಿಂದು 2412 ಮೆಗಾಹರ್ಟ್ಸ್, ಜಿಗ್‌ಬೀ 25ರದ್ದು 2475. ನಡುವೆ ಬೇಕಾದಷ್ಟು ಜಾಗ. ಎರಡೂ ಕಡೆ ಚಾನೆಲ್ ಎಂದೇ ಕರೆದರೂ ನಂಬರುಗಳು ಒಂದಕ್ಕೊಂದು ಹೊಂದುವುದಿಲ್ಲ. ಜಿಗ್‌ಬೀಯ 11 ಬೀಳುವುದು ವೈಫೈಯ 1ರ ಮೇಲೆ, 11ರ ಮೇಲಲ್ಲ. ಇಲ್ಲಿ ಎಡವುವವರು ಬಹಳ. ಈ ಮೂರರಲ್ಲಿ ಹೆಚ್ಚು ಫಲ ಕೊಟ್ಟದ್ದು ಹಬ್ ಸರಿಸಿದ್ದು. ಖರ್ಚು ಒಂದು ಉದ್ದದ ಲ್ಯಾನ್ ವೈರ್ ಅಷ್ಟೇ.

ಯಾವ ಸಾಧನಕ್ಕೆ ಯಾವ ನಂಬರ್ ಎಂದು ಒಂದು ಹಾಳೆಯಲ್ಲಿ ಬರೆದು ಟೀವಿ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇನೆ. ಕಳೆದ ತಿಂಗಳು ಬಾಕ್ಸ್ ಕೆಟ್ಟು, ಬೇರೆ ಬಾಕ್ಸ್ ತಂದ ಹುಡುಗ ಮತ್ತೆ ಸ್ಟ್ಯಾಟಿಕ್ ಮಾಡಲು ಹೊರಟಿದ್ದನಂತೆ. "ಅದನ್ನ ಮುಟ್ಬೇಡಪ್ಪ, ನಂಬರ್ ರೌಟರ್ ಕೊಡತ್ತೆ" ಎಂದು ಅಮ್ಮ ಹಾಳೆ ತೋರಿಸಿದ್ದಾರೆ. ಬಾಕ್ಸ್ ಬದಲಾದರೆ ಮ್ಯಾಕೂ ಬದಲಾಗುತ್ತದೆ, ರಿಸರ್ವೇಷನ್ ತಿದ್ದಬೇಕು. ನಾನು ಆಫೀಸಿನಲ್ಲಿದ್ದೆ. ಕನ್ನಡಕ ಹಾಕಿಕೊಂಡು ಸ್ಟಿಕ್ಕರಿನ ಮೇಲಿನ ಹನ್ನೆರಡು ಅಕ್ಷರವನ್ನು ಅಮ್ಮ ಒಂದೊಂದಾಗಿ ಫೋನಿನಲ್ಲಿ ಓದಿ ಹೇಳಿದರು, ನಾನು ಬರೆದುಕೊಂಡೆ.